ಬಾಗಿಲಿಗೆ ಬಿದ್ದ ಮುಳ್ಳು

ನಮ್ಮ ಮಾವ ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿದವರು ನಮ್ಮ ಮನೆ ಮಾಲೀಕರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರನ್ನು ಸಾಕಷ್ಟು ಬೈಯುವುದಿದೆ. ಆದರೆ ಬೈಯಲು ಬಾಯಿ ತೆರೆದಾಗಲೆಲ್ಲ ಆ ದಿನ ನೆನಪಾಗಿ ನನ್ನ ಸಿಟ್ಟಿನ ಅರ್ಧ ಕಾವು ಆರಿಹೋಗುತ್ತದೆ. ಪೂರ್ತಿ ಆರುವುದೂ ಇಲ್ಲ, ಅದೇ ತೊಂದರೆ.

ಮಧ್ಯಾಹ್ನದ ಊಟ ಮುಗಿಸಿ ಹಜಾರದ ಕುರ್ಚಿಯಲ್ಲಿ ಕೂತಿದ್ದ ಮಾವ ಕೂತ ಹಾಗೆಯೇ ಹೋಗಿಬಿಟ್ಟರು. ನಮ್ಮವರು ಕಚೇರಿಯಲ್ಲಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ ಮತ್ತು ನಾನು. ಅತ್ತೆ ಹಿತ್ತಲಿಗೆ ಹೋಗಿ ಗೋಡೆಯಾಚೆಗೆ ಒಂದು ಸಲ ಕೂಗಿದರು. ಮಾಲೀಕರು ಉಣ್ಣುತ್ತಿದ್ದ ಮುದ್ದೆ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದರು. ಸೈಕಲ್ ಮೇಲೆ ಆಳು ಕಳಿಸಿ ನಮ್ಮವರನ್ನು ಕರೆಸಿದರು, ಬಿದಿರು ತರಿಸಿದರು, ಹೂವು ತರಿಸಿದರು. ಲಿಂಗ ಕಟ್ಟಿಕೊಂಡ ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಹೊರುತ್ತಾರೆ. ಅವರು ಅದನ್ನು ಎಂದೂ ಕಂಡವರಲ್ಲ. ಹೇಗೆ ಕಟ್ಟಬೇಕು, ತಲೆ ವಾಲದ ಹಾಗೆ ಎಲ್ಲಿ ಬಿಗಿಯಬೇಕು ಎಂದು ಕೇಳಿ ಕೇಳಿ ತಾವೇ ಕಟ್ಟಿದರು. ಕೊನೆಗೆ ಹೆಗಲೂ ಕೊಟ್ಟರು. ಮಾವ ಮತ್ತು ಅವರು ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ಮಾತಾಡುತ್ತಿದ್ದವರು. ಗುಂಡಿಗೆ ಮಣ್ಣು ಹಾಕುವಾಗ ಅವರ ಕಣ್ಣಲ್ಲಿ ನೀರಿತ್ತು ಎಂದು ನಮ್ಮವರು ಬಂದು ಹೇಳಿದರು.

ಅದಾದ ಮೂರನೆಯ ದಿನ ಅದೇ ಮನುಷ್ಯ ಬಂದು ನಮ್ಮ ಗೇಟಿನ ಹೊರಗೆ ನಿಂತರು. ಸಾಮಾನ್ಯವಾಗಿ ಗೇಟು ತಳ್ಳಿಕೊಂಡು ನೇರ ಜಗಲಿಗೆ ಬರುವವರು. ಅವತ್ತು ಕರೆದರೂ ಒಳಗೆ ಬರಲಿಲ್ಲ. ನಮ್ಮವರು ಹೊರಗೆ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತೆ.

"ತಪ್ಪು ತಿಳ್ಕೋಬೇಡಿ ಸ್ವಾಮಿ," ಎಂದರು. "ಹಿರಿಯರು ಹೋದದ್ದು ಧನಿಷ್ಠೇಲಿ. ಜೋಯಿಸ್ರನ್ನ ಕೇಳ್ಕಂಡು ಬಂದೆ. ಆರು ತಿಂಗ್ಳು ಮನೆ ಬುಡ್ಬೇಕು."

ಕೆಲವು ನಕ್ಷತ್ರದಲ್ಲಿ ಸಾವಾದರೆ ಆ ಮನೆಯನ್ನು ತಿಂಗಳುಗಟ್ಟಲೆ ಮುಚ್ಚಿಬಿಡುವುದು ಈ ಸೀಮೆಯ ಪದ್ಧತಿ. ಬಾಗಿಲಿಗೆ ಜಾಲಿ ಮುಳ್ಳು ಹಾಕುತ್ತಾರೆ, ದೀಪ ಹಚ್ಚುವುದಿಲ್ಲ, ಒಳಗೆ ಯಾರೂ ಕಾಲಿಡುವುದಿಲ್ಲ. ಇಟ್ಟರೆ ಒಂದು ಸಾವು ಇನ್ನಷ್ಟು ಸಾವನ್ನು ಕರೆಯುತ್ತದೆ ಎಂಬ ಭಯ. ನಮ್ಮಲ್ಲಿ ಇದಿಲ್ಲ. ಸತ್ತವರು ಶಿವನಲ್ಲಿ ಸೇರಿದರು ಎಂದಮೇಲೆ ನಕ್ಷತ್ರವೂ ಇಲ್ಲ, ಸೂತಕವೂ ಇಲ್ಲ. ಮಾವನ ಮಣ್ಣಿಗೆ ಬಂದಿದ್ದ ನಮ್ಮ ಅಯ್ಯನವರೂ ಅದನ್ನೇ ಹೇಳಿ ಹೋಗಿದ್ದರು. ನಮ್ಮವರು ಇದನ್ನೆಲ್ಲ ಮೆತ್ತಗೆ, ತಮ್ಮದೇ ತಪ್ಪೇನೋ ಎಂಬಂತೆ ವಿವರಿಸಿದರು. ಮಾಲೀಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಹೇಳಿದರು.

"ಸಾವು ನಿಮ್ದು ಸ್ವಾಮಿ. ಮನೆ ನಮ್ದಲ್ವಾ?"

ನಮ್ಮವರು ಯೋಚನೆ ಮಾಡ್ತೀವಿ ಎಂದು ಹೇಳಿ ಒಳಗೆ ಬಂದರು. ಬಂದವರು ನನ್ನನ್ನೇ ಕೇಳಿದರು, ಹೌದಲ್ಲವೇ, ಮನೆ ಅವರದು ತಾನೆ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮನೆ ಇದ್ದದ್ದು ಜಯನಗರದಲ್ಲಿ, ಯಡಿಯೂರು ಕೆರೆಯ ಕಡೆಗೆ. ಆಗಿನ ಜಯನಗರದ ಬಗ್ಗೆ ಹೇಳಿದರೆ ಈಗಿನವರು ನಕ್ಕಾರು. ಆಗ ಅರ್ಧಕ್ಕರ್ಧ ಬರೀ ಸೈಟಿನ ಕಲ್ಲು ನೆಟ್ಟ ಬಯಲು. ಒಂದು ಮನೆಯಿಂದ ಇನ್ನೊಂದು ಮನೆಗೆ ಲಂಟಾನ ಪೊದೆ ಸುತ್ತಿಕೊಂಡು ಹೋಗಬೇಕು. ಸಂಜೆಯ ಬಸ್ಸು ತಪ್ಪಿದರೆ ಮಾರ್ಕೆಟ್ಟಿನಿಂದ ನಡೆದೇ ಬರಬೇಕು. ಮಾಲೀಕರದು ಯಡಿಯೂರಿನ ಹಳೆಯ ಬೇಸಾಯದ ಮನೆತನ. ಬಡಾವಣೆಗೆ ಹೊಲ ಹೋದಮೇಲೆ ಉಳಿದ ತುಣುಕಿನಲ್ಲಿ ಅಕ್ಕಪಕ್ಕ ಎರಡು ಮನೆ ಕಟ್ಟಿದ್ದರು. ಒಂದರಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು, ಇನ್ನೊಂದನ್ನು ನಮಗೆ ಕೊಟ್ಟಿದ್ದರು. ನಡುವೆ ಸೊಂಟದೆತ್ತರದ ಗೋಡೆ, ಗೋಡೆಯ ತುದಿಯಲ್ಲಿ ಎರಡೂ ಮನೆಗೆ ಸೇರಿದ ಒಂದು ಬಾವಿ.

ಆ ಮನೆಗೆ ಮೊದಲ ಬಾಡಿಗೆದಾರರು ನಾವೇ. ಗೋಡೆಯ ಸುಣ್ಣ ಇನ್ನೂ ಹಸಿಯಾಗಿದ್ದಾಗ ದಾವಣಗೆರೆ ಕಡೆಯಿಂದ ಬಂದ ಅತ್ತೆ ಅಲ್ಲಿ ಮೊದಲು ಹಾಲು ಉಕ್ಕಿಸಿದ್ದರು. ಮಾಲೀಕರು ಹೋದಮೇಲೆ ಅತ್ತೆ ಮಾವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಹೇಳಿದರು: "ಇಲ್ಲಿ ಹಾಲು ಉಕ್ಕಿಸಿದಾಕಿ ನಾನು. ಅವರು ಹೋಗಿದ್ದೂ ಇಲ್ಲೇ. ನಾ ಎಲ್ಲಿಗೂ ಬರಂಗಿಲ್ಲ." ಮತ್ತೆ ಆ ವಿಷಯ ಅವರು ಎತ್ತಲೇ ಇಲ್ಲ. ಎತ್ತುವ ಕೆಲಸ ನನ್ನ ತಲೆಗೆ ಬಂತು. ಮನೆ ಬಿಟ್ಟರೆ ಅತ್ತೆ ಉಳಿಯುವುದಿಲ್ಲ ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗಂಡ ಸತ್ತ ಜಾಗವೊಂದೇ ಅವರಿಗೆ ಉಳಿದಿದ್ದ ಆಸರೆ.

ಚಿಕ್ಕಪೇಟೆಯಲ್ಲಿ ನಮ್ಮ ಕಡೆಯ ಒಬ್ಬ ವಕೀಲರಿದ್ದರು. ನಾನೇ ಒತ್ತಾಯ ಮಾಡಿ ನಮ್ಮವರನ್ನು ಕಳಿಸಿದೆ. ವಕೀಲರು ನಕ್ಕುಬಿಟ್ಟರಂತೆ. ಬಾಡಿಗೆ ಕಾನೂನಿನಲ್ಲಿ ನಕ್ಷತ್ರವೇ ಇಲ್ಲ, ಕೋರ್ಟಿನ ಆದೇಶ ಇಲ್ಲದೆ ಯಾರೂ ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ ಎಂದರಂತೆ. ಆದರೆ ನೀವಾಗಿ ನೀವೇ ಹೊರಟು ಕೀಲಿ ಕೈಗೆ ಕೊಟ್ಟಿರೋ, ಆಮೇಲೆ ನಿಮ್ಮನ್ನು ಮತ್ತೆ ಒಳಗೆ ಸೇರಿಸುವುದು ಯಾರಿಂದಲೂ ಆಗದು. ಮನೆಯಲ್ಲಿ ಸದಾ ಒಬ್ಬರಾದರೂ ಇರಿ. ಇಷ್ಟು ಹೇಳಿ ಕಳಿಸಿದ್ದರು. ನನಗೆ ಧೈರ್ಯ ಬಂತು. ನಮ್ಮವರಿಗೆ ಬರಲಿಲ್ಲ. ಹೆಗಲು ಕೊಟ್ಟವರ ಮೇಲೆ ಕೋರ್ಟಿಗೆ ಹೋಗುವುದು ಹೇಗೆ ಎಂದು ಕೂತರು.

ಅಷ್ಟರಲ್ಲಿ ಇನ್ನೊಂದು ಕತೆ ಶುರುವಾಯಿತು. ಒಂದು ಬೆಳಗ್ಗೆ ಸೂಟು ಹಾಕಿದ ಒಬ್ಬರು ಮಾಲೀಕರ ಜೊತೆ ನಮ್ಮ ಗೇಟಿನ ಮುಂದೆ ನಿಂತು ಮನೆಯ ಉದ್ದಗಲ ನೋಡಿದರು. ಬದಿಗೆ ಹೋಗಿ ಕಿಟಕಿ ಎಷ್ಟು ಎಂದು ನೋಡಿದರು. ಎದುರು ಸಾಲಿನ ಮನೆಯಾಕೆ ಆಮೇಲೆ ಬಂದು, ಅವರು ಡಾಕ್ಟರು, ಇಲ್ಲಿ ನರ್ಸಿಂಗ್ ಹೋಮ್ ಮಾಡಲು ಮನೆ ಹುಡುಕುತ್ತಿದ್ದಾರೆ ಎಂದು ಹೇಳಿ ಹೋದರು. ಅಲ್ಲಿಗೆ ನನಗೆ ಎಲ್ಲವೂ ನಿಚ್ಚಳವಾಯಿತು ಅನ್ನಿಸಿತು. ನಕ್ಷತ್ರವೂ ಇಲ್ಲ, ಮಣ್ಣೂ ಇಲ್ಲ, ನಮ್ಮನ್ನು ಎಬ್ಬಿಸಲು ಒಂದು ನೆಪ. ಆದರೆ ಅದೇ ಸಂಜೆ ಮಾಲೀಕರ ಹೆಂಡತಿ ಗೋಡೆಯ ಮೇಲಿಂದ ಅವರೆಕಾಳು ಸಾರಿನ ಪಾತ್ರೆ ಚಾಚಿ, ಅಮ್ಮ ಏನಾದ್ರೂ ಉಂಡ್ರಾ ಎಂದು ಅತ್ತೆಯ ಬಗ್ಗೆ ಕೇಳಿದರು. ಆ ಸಾರು ತಿನ್ನಬೇಕೋ ಚೆಲ್ಲಬೇಕೋ ತಿಳಿಯದೆ ಒಲೆಯ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಕೊನೆಗೆ ತಿಂದೆವು. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮಾರನೆಯ ದಿನ ಬಾವಿಯ ರಾಟೆಯಲ್ಲಿ ಹಗ್ಗ ಇರಲಿಲ್ಲ. ಕೇಳಿದ್ದಕ್ಕೆ ಮಾಲೀಕರು, ಆ ಮನೆಯ ಕೊಡ ಈ ಬಾವಿಗೆ ಇಳಿಯಬಾರದಂತೆ ಎಂದರು. ನಾನು ಕೆರೆಯ ಕಡೆಯಿಂದ ನೀರು ಹೊತ್ತೆ. ಅವರ ಹೆಂಡತಿ ತಮ್ಮ ಮನೆಯೊಳಗಿಂದ ನೋಡುತ್ತಿದ್ದರು, ಹೊರಗೆ ಬರಲಿಲ್ಲ. ಎದುರು ಸಾಲಿನವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಹೀಗೆ ಯಾರು ನಮ್ಮವರು, ಯಾರು ಅಲ್ಲ ಎಂದು ದಿನವೂ ಲೆಕ್ಕ ತಪ್ಪುತ್ತಿತ್ತು. ನಮ್ಮವರು ಕಚೇರಿಯಿಂದ ಬಂದ ಕೂಡಲೇ ನಾನು ಅವರ ಮೇಲೆ ರೇಗುತ್ತಿದ್ದೆ. ಪಾಪ, ರೇಗಲು ಬೇರೆ ಯಾರೂ ಸಿಗುತ್ತಿರಲಿಲ್ಲ.

ಶಿವಗಣಾರಾಧನೆಯ ದಿನ ಬಂತು. ಸತ್ತವರ ಹೆಸರಿನಲ್ಲಿ ಜಂಗಮರಿಗೆ, ಬಂಧುಗಳಿಗೆ ಊಟ ಹಾಕುವ ದಿನ. ಮನೆಯಲ್ಲಿ ಮಾಡಿದರೆ ನೆರೆಯವರು ಬರುವುದಿಲ್ಲ, ನೀರೂ ಇಲ್ಲ, ಅದಕ್ಕೆ ಪೇಟೆಯ ಒಂದು ಮಠದಲ್ಲಿ ಇಟ್ಟುಕೊಂಡಿದ್ದೆವು. ಸದಾ ಒಬ್ಬರಾದರೂ ಮನೆಯಲ್ಲಿರಿ ಎಂದು ವಕೀಲರು ಹೇಳಿದ್ದು ನೆನಪಿತ್ತು. ಆದರೆ ಅಂಥ ದಿನ ಯಾರನ್ನು ಮನೆ ಕಾಯಲು ಬಿಡುವುದು? ಅತ್ತೆಯನ್ನೇ? ಮಗನನ್ನೇ? ಸೊಸೆಯಿಲ್ಲದೆ ಬಡಿಸುವವರು ಯಾರು? ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮೂವರೂ ಹೋದೆವು.

ಇಳಿಹೊತ್ತಿಗೆ ಬಂದರೆ ನಮ್ಮ ಬೀಗ ಇದ್ದ ಹಾಗೆಯೇ ಇತ್ತು. ಅದರ ಮೇಲೆ ಇನ್ನೊಂದು ಬೀಗ, ನಮ್ಮದಕ್ಕಿಂತ ದೊಡ್ಡದು, ಹಿತ್ತಾಳೆಯದು. ಬಾಗಿಲಿನ ಅಡ್ಡಕ್ಕೆ ಜಾಲಿ ಮುಳ್ಳಿನ ದೊಡ್ಡ ಕೊಂಬೆಗಳು. ಗೇಟಿನ ಹತ್ತಿರ ಒಂದು ಎತ್ತಿನ ಗಾಡಿ ನಿಂತಿತ್ತು. ಮಾಲೀಕರು ಗಾಡಿಯ ಪಕ್ಕದಲ್ಲೇ ಇದ್ದರು. ಹೇಗೂ ನೀವಾಗಿ ಹೊರಗೆ ಹೋಗಿದ್ದಿರಿ, ಒಳ್ಳೆಯದೇ ಆಯಿತು ಎಂದರು. ಯಡಿಯೂರಿನಲ್ಲಿ ತಮ್ಮ ಭಾವಮೈದುನನ ಮನೆಯಲ್ಲಿ ನಮಗೆ ಒಂದು ಕೋಣೆ ತೆರವು ಮಾಡಿಸಿದ್ದರಂತೆ. ಅಮ್ಮನಿಗೆ ಹಾಸಿಗೆಯನ್ನೂ ಹಾಕಿಸಿದ್ದರಂತೆ. ನಿಮ್ಮ ಸಾಮಾನಿನಲ್ಲಿ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ, ನಿಮ್ಮ ಬೀಗದ ಮೇಲೆ ನಮ್ಮ ಬೀಗ, ಅದು ಕಾವಲು ಎಂದರು. ಹೊರಗೆ ಹಾಕುವವನು ಹಾಸಿಗೆ ಯಾಕೆ ಹಾಕಿಸುತ್ತಾನೆ? ಹಾಸಿಗೆ ಹಾಕಿಸುವವನು ಕಳ್ಳನ ಹಾಗೆ ನಾವಿಲ್ಲದ ಹೊತ್ತು ನೋಡಿ ಬೀಗ ಯಾಕೆ ಜಡಿಯುತ್ತಾನೆ?

ಅತ್ತೆ ಹೋಗಿ ಮುಳ್ಳಿನ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು. ನಮ್ಮವರು ಬೀಗವನ್ನು ನೋಡಿದರು, ಗಾಡಿಯನ್ನು ನೋಡಿದರು, ಅಮ್ಮನನ್ನು ನೋಡಿದರು. ಅವರು ಗಾಡಿಯ ಕಡೆಗೆ ಒಂದು ಹೆಜ್ಜೆ ಇಡುವುದರಲ್ಲಿದ್ದರು ಎಂದು ನನಗೆ ಇವತ್ತಿಗೂ ಅನುಮಾನ, ಅವರು ಒಪ್ಪುವುದಿಲ್ಲ. ನಾನು ಅದಕ್ಕೂ ಮೊದಲೇ ಮುಂದೆ ಹೋಗಿ ಕೇಳಿಬಿಟ್ಟೆ. ಗಂಡಸರ ನಡುವೆ ನಾನು ಹಾಗೆ ಬಾಯಿ ಹಾಕಿದ್ದು ಅದೇ ಮೊದಲು.

"ಮನೇಗೆ ನಕ್ಷತ್ರ ತಟ್ಟಿದ್ರೆ ಆ ಡಾಕ್ಟರು ಯಾಕೆ ಬಂದು ನೋಡ್ಕೊಂಡು ಹೋದ್ರು?"

ಮಾಲೀಕರು ತಬ್ಬಿಬ್ಬಾದರು. ಆದರೆ ಸುಳ್ಳು ಹುಡುಕುವವರ ಹಾಗೆ ಕಾಣಲಿಲ್ಲ.

"ಆಸ್ಪತ್ರೆಗೆ ನಕ್ಷತ್ರ ತಟ್ಟಲ್ಲ ತಾಯಿ," ಎಂದರು. "ಅಲ್ಲಿ ದಿನಾ ಸಾಯೋರು ಇದ್ದೇ ಇರ್ತಾರೆ. ಹೆಂಗೂ ಖಾಲಿ ಬೀಳೋ ಮನೆ, ಕೇಳಿದ್ರು, ತೋರ್ಸ್ದೆ."

ಇದನ್ನು ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಹಾಗಾದರೆ ಆರು ತಿಂಗಳ ಮೇಲೆ ನಮಗೆ ಮನೆ ಉಂಟೋ ಇಲ್ಲವೋ ಎಂದು ಕೇಳಿದೆ. ಅವರು ಆಮೇಲೆ ನೋಡೋಣ ಎಂದು ಎತ್ತಿನ ಕಡೆಗೆ ತಿರುಗಿದರು. ಕೇಳಬೇಕಾದ್ದನ್ನು ಕೇಳಿಯಾಗಿತ್ತು, ಇನ್ನು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಆಗ ಅವರ ಹೆಂಡತಿ ಹೊರಗೆ ಬಂದರು. ನಮ್ಮ ಯಾರ ಮುಖವನ್ನೂ ನೋಡದೆ ಸೀದಾ ಜಗಲಿ ಹತ್ತಿ, ಸೆರಗನ್ನು ಕೈಗೆ ಸುತ್ತಿಕೊಂಡು ಮುಳ್ಳಿನ ಕೊಂಬೆ ಹಿಡಿದು ಎಳೆದರು. ಒಂದನ್ನು ಎಳೆದು ಅಂಗಳಕ್ಕೆ ಎಸೆದರು. ಇನ್ನೊಂದನ್ನು ಎಳೆಯುವಾಗ ಸೆರಗು ಸಿಕ್ಕಿ ಹರಿಯಿತು, ಬಿಡಿಸಿಕೊಳ್ಳಲೂ ಇಲ್ಲ. ಮಾಲೀಕರು ಗದರಿದರು. ಆಕೆ ತಿರುಗಿ ನಿಂತರು.

"ನಿಮ್ಮವ್ವ ಇದೇ ನೆಲದಾಗೆ ಅವರೆಕಾಯಿ ಕೀಳ್ತಾ ಕೀಳ್ತಾ ಬಿದ್ದು ಸತ್ಳಲ್ಲ, ಅವತ್ತು ಯಾವ ನಕ್ಷತ್ರ ಅಂತ ಯಾರ್ ಕೇಳಿದ್ರು? ಮಾರನೇ ದಿನ ಉಳಿದ ಸಾಲು ನಾನು ಕಿತ್ತೆ. ಹೊಲಕ್ಕೆ ಮುಳ್ಳು ಹಾಕಿದ್ರಾ?"

ಹೀಗೆಂದು ಕೀಲಿಗಾಗಿ ಕೈ ಚಾಚಿದರು. ಅಂಗೈಯಲ್ಲಿ ಮುಳ್ಳು ತಾಗಿ ರಕ್ತ ಬಂದಿತ್ತು. ಕೊನೆಗೆ ಮಾಲೀಕರು ಉಡಿದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ ಕೊಟ್ಟರು. ಆಕೆ ಹಿತ್ತಾಳೆಯ ಬೀಗ ತೆಗೆದರು, ನಮ್ಮ ಬೀಗವನ್ನು ಮುಟ್ಟಲಿಲ್ಲ. ಹಾಗೆಯೇ ತಮ್ಮ ಮನೆಗೆ ಹೊರಟುಹೋದರು. ನಮ್ಮವರು ನಮ್ಮ ಬೀಗ ತೆಗೆದರು. ಅತ್ತೆ ಎದ್ದು ಒಳಗೆ ಹೋಗಿ ಮೊದಲು ದೀಪ ಹಚ್ಚಿದರು.

ಮಾರನೆಯ ಬೆಳಗ್ಗೆ ಬಾವಿಗೆ ಹಗ್ಗ ಬಂದಿತ್ತು. ಡಾಕ್ಟರು ಬೇರೆ ಎಲ್ಲೋ ಮನೆ ಹಿಡಿದರೆಂದು ಎದುರು ಸಾಲಿನಾಕೆ ಹೇಳಿದರು. ಮಾಲೀಕರು ಮಾತ್ರ ಜಗಲಿಗೆ ಬರುವುದನ್ನು ಬಿಟ್ಟರು. ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ದಿನಾ ಬೆಳಗ್ಗೆ ಗೋಡೆಯ ಹತ್ತಿರ ಬಂದು, ನಾನು ಬಾವಿಯ ಕಡೆ ಹೋಗುವವರೆಗೆ ಕಾದು, ಎಲ್ಲ ಆರೋಗ್ಯವಾಗಿದ್ದೀರಾ ಎಂದು ಕೇಳುತ್ತಿದ್ದರು. ಅತ್ತೆ ಎದ್ದರಾ ಎಂದು ಬೇರೆ ವಿಚಾರಿಸುತ್ತಿದ್ದರು. ನನಗೆ ಅದು ಕೊಂಕು ಅನ್ನಿಸುತ್ತಿತ್ತು. ನೀವು ಬಯಸಿದ ಹಾಗೆ ಯಾರೂ ಸತ್ತಿಲ್ಲ ಎಂದು ಹೇಳಲು ನಾಲಿಗೆಯ ತುದಿಗೆ ಬರುತ್ತಿತ್ತು. ಚೆನ್ನಾಗಿದ್ದೇವೆ ಎಂದು ಗಟ್ಟಿಯಾಗಿ ಹೇಳಿ ಕೊಡ ಎತ್ತುತ್ತಿದ್ದೆ. ಹೀಗೆ ಕೆಲವು ತಿಂಗಳು ನಡೆದು ಒಂದು ದಿನ ಕೇಳುವುದನ್ನು ನಿಲ್ಲಿಸಿದರು. ಕೆಲವು ವಾರದ ಮೇಲೆ ಮತ್ತೆ ಜಗಲಿಗೆ ಬಂದು ಕೂತರು, ಏನೂ ಆಗದವರ ಹಾಗೆ ಎಲೆ ಅಡಿಕೆ ಬಿಚ್ಚಿದರು. ನಮ್ಮವರೂ ಏನೂ ಆಗದವರ ಹಾಗೆ ಸುಣ್ಣ ಕೊಟ್ಟರು. ಗಂಡಸರ ಈ ರಾಜಿ ನನಗೆ ಅರ್ಥವಾಗಲಿಲ್ಲ.

ವರ್ಷಗಳು ಕಳೆದವು. ನಾವು ಅದೇ ಮನೆಯಲ್ಲಿದ್ದೆವು. ಸುತ್ತ ಮನೆಗಳು ಎದ್ದವು, ಪೊದೆ ಹೋಯಿತು, ಮನೆಗೆ ನಲ್ಲಿ ಬಂತು. ಒಂದು ಬೇಸಿಗೆಯಲ್ಲಿ ಮಾಲೀಕರು ತೀರಿಕೊಂಡರು. ಈ ಸಲ ಓಡಾಡಿದವರು ನಮ್ಮವರು. ಹೆಗಲೂ ಕೊಟ್ಟರು. ಅವರ ಕಡೆಯವರು ಒಟ್ಟಾಗಿ ಜೋಯಿಸರನ್ನು ಕೇಳಿದರು. ನಕ್ಷತ್ರ ಚೆನ್ನಾಗಿರಲಿಲ್ಲ. ಮಣ್ಣು ಮುಗಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಹೊರಟುಹೋದರು. ಅಂಥ ಮನೆಯಿಂದ ಬಂದವರನ್ನು ತಮ್ಮ ಮನೆಗೆ ಸೇರಿಸಿಕೊಳ್ಳಲು ಅವರಿಗೂ ಭಯ. ಅವತ್ತು ನಮಗೆ ಕೋಣೆ ಕೊಡಲು ಒಪ್ಪಿದ್ದ ಭಾವಮೈದುನ ಯಡಿಯೂರು ಬಿಟ್ಟು ಬಹಳ ವರ್ಷವಾಗಿತ್ತು.

ಮೂರನೆಯ ದಿನ ಮಾಲೀಕರ ಹೆಂಡತಿ ಒಂದು ಗಂಟು ಹಿಡಿದುಕೊಂಡು ಬಂದು ನಮ್ಮ ಗೇಟಿನ ಹೊರಗೆ ನಿಂತರು. ಗಂಡ ನಿಂತ ಜಾಗದಲ್ಲೇ. ಆಕೆಯ ಹಿಂದೆ ಅವರ ಮನೆಯ ಬಾಗಿಲು ಕಾಣುತ್ತಿತ್ತು. ಅದೇ ಹಿತ್ತಾಳೆಯ ಬೀಗ, ಅಡ್ಡಕ್ಕೆ ಜಾಲಿ ಮುಳ್ಳು. ತಾವೇ ಹಾಕಿಕೊಂಡಿದ್ದರು.

ನನಗೆ ಏನೂ ತಿಳಿಯದೆ ಹೋಯಿತು. ನೀವೇ ಅವತ್ತು ನಮ್ಮ ಬಾಗಿಲ ಮುಳ್ಳು ಕಿತ್ತು ಎಸೆದಿರಲ್ಲ, ಇವತ್ತು ನೀವೇ ಹಾಕಿದಿರಾ ಎಂದು ಕೇಳಿದೆ.

"ಕಿತ್ತೆ ಕಣವ್ವ," ಎಂದರು. "ಕಿತ್ತ ಮ್ಯಾಲೆ ಆರು ತಿಂಗ್ಳು ನಮ್ಗಿಬ್ರಿಗೂ ನಿದ್ದೆ ಇಲ್ಲ. ಬೆಳಗಾದ್ರೆ ನಿಮ್ ಒಲೆ ಹೊಗೆ ಏಳ್ತದಾ ಅಂತ ನೋಡ್ತಾ ಕೂತಿರ್ತಿದ್ದೋ. ಹೊಗೆ ಕಂಡ್ರೂ ಅವ್ರಿಗೆ ಸಮಾಧಾನ ಇಲ್ಲ, ಗೋಡೆ ತಾವ ಹೋಗಿ ನಿನ್ನ ಬಾಯಲ್ಲೇ ಕೇಳ್ಕಂಡು ಬರೋರು."

ನಾನು ಗೇಟಿನ ಚಿಲಕ ಹಿಡಿದುಕೊಂಡು ಹಾಗೆಯೇ ನಿಂತೆ. ಗೋಡೆಯ ಹತ್ತಿರ ಕಾದು ನಿಂತಿರುತ್ತಿದ್ದ ಆ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ನನಗೆ ನೆನಪಾದದ್ದು ನನ್ನ ಗಟ್ಟಿ ದನಿ ಮಾತ್ರ.

"ಈಗ ಸಾವು ನಮ್ದು," ಎಂದರು ಆಕೆ. ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. "ಮನೆ ನಿಮ್ದು ಕಣವ್ವ. ನೀನು ಹ್ಞೂಂ ಅಂದ್ರೆ ಬರ್ತೀನಿ."

ಹಜಾರದಿಂದ ಅತ್ತೆಯ ದನಿ ಕೇಳಿಸಿತು. ನಮ್ಮಲ್ಲಿ ನಕ್ಷತ್ರ ಇಲ್ಲ, ಒಳಗ ಬಾ ಎಂದರು. ನಾನು ಗೇಟು ತೆಗೆದೆ.

ಆ ಆರು ತಿಂಗಳೂ ಆಕೆ ಹಜಾರದಲ್ಲಿ ಅತ್ತೆಯ ಪಕ್ಕದಲ್ಲೇ ಹಾಸಿಕೊಂಡು ಮಲಗಿದರು. ಡಾಕ್ಟರ ವಿಷಯ ಕೇಳಬೇಕೆಂದು ನನಗೆ ಎಷ್ಟೋ ಸಲ ಬಾಯಿಗೆ ಬಂತು. ಮಾಲೀಕರು ಹೆದರಿದ್ದು ನಿಜವಾದರೆ ಆರು ತಿಂಗಳ ಮೇಲೆ ಮನೆ ಕೊಡುತ್ತೇನೆ ಎಂದು ಅವತ್ತು ಒಂದು ಮಾತು ಹೇಳಲು ಅವರಿಗೆ ಏನು ಅಡ್ಡಿಯಿತ್ತು? ಭಯವೂ ಆಸೆಯೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ ಕೂತಿದ್ದವೇ? ಕೇಳಲಿಲ್ಲ. ಆಕೆಗೂ ಗೊತ್ತಿತ್ತೋ ಇಲ್ಲವೋ.

ಬಂದ ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ಆಕೆ ನಮ್ಮ ಒಲೆ ಹೊತ್ತಿಸಿ, ಅಂಗಳಕ್ಕೆ ಹೋಗಿ ನಿಂತು ಹೊಗೆ ನೋಡುತ್ತಿದ್ದರು.